ಮಹಾಸಾಂಕ್ರಾಮಿಕದ ದಿನಗಳಲ್ಲಿ ಎರಡು ಬಗೆಯ ಚಿಕಿತ್ಸೆ: ಯಾವುದು ಯಾವಾಗ, ಯಾವ ಕ್ರಮದಲ್ಲಿ

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್-19 ಅನ್ನು ಮಹಾಸಾಂಕ್ರಾಮಿಕವೆಂದು ಕರೆದಾಗ ಆ ಕಾಯಿಲೆಗೆ ಲಸಿಕೆಯಿರಲಿಲ್ಲ, ಪರೀಕ್ಷೆಗೆ ಒಳಪಟ್ಟು ಗೆದ್ದುಬಂದ ಔಷಧಿಯೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಕೆಲವರು ಸೋಂಕಿನ ಭಯದಿಂದ ಆಸ್ಪತ್ರೆಯ ಕಡೆಗೆ ತಲೆಹಾಕುವುದನ್ನೇ ಬಿಡುತ್ತಾರೆ. ಕೆಲವರು ಕಷಾಯದ ಪುಡಿ, ಗುಳಿಗೆ, ವಿಟಮಿನ್ ಮಾತ್ರೆಗಳಿಂದ ಮನೆಯ ಕಪಾಟು ತುಂಬುತ್ತಾರೆ. ಎರಡನ್ನೂ ಒಟ್ಟಿಗೇ ಮಾಡುವವರೂ ಕಡಿಮೆಯಿಲ್ಲ. ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಪ್ರಕಟಿಸಿದ ಸಮೀಕ್ಷೆಯೊಂದರ ಅಂದಾಜಿನಂತೆ, 2020ರ ಜೂನ್ ಮುಗಿಯುವ ಹೊತ್ತಿಗೆ ಅಲ್ಲಿನ ವಯಸ್ಕರಲ್ಲಿ ಶೇ. 41ರಷ್ಟು ಮಂದಿ ಯಾವುದಾದರೊಂದು ಚಿಕಿತ್ಸೆಯನ್ನು ಮುಂದೂಡಿದ್ದರು ಅಥವಾ ಕೈಬಿಟ್ಟಿದ್ದರು. ಶೇ. 12ರಷ್ಟು ಮಂದಿ ತುರ್ತು ಚಿಕಿತ್ಸೆಯನ್ನೇ ತಪ್ಪಿಸಿಕೊಂಡಿದ್ದರು ಎಂಬುದು ಅದರಲ್ಲಿನ ಹೆಚ್ಚು ಕಳವಳದ ಅಂಶ.

ಆಧುನಿಕ ವೈದ್ಯ ಮೇಲೋ ಪರ್ಯಾಯ ಪದ್ಧತಿ ಮೇಲೋ ಎಂಬ ವಾದವನ್ನು ಈ ಬರಹ ಎತ್ತಿಕೊಳ್ಳುವುದಿಲ್ಲ. ನನ್ನ ಅನಿಸಿಕೆಯಲ್ಲಿ ಮಹಾಸಾಂಕ್ರಾಮಿಕದ ಕಾಲದಲ್ಲಿ ವಯಸ್ಕರಿಗೆ ಹೆಚ್ಚು ಹಾನಿ ತರುವ ತಪ್ಪುಗಳು ಎರಡೇ: ತಡಮಾಡುವುದು ಮತ್ತು ಮುಚ್ಚಿಡುವುದು. ಕಷಾಯ ಕುಡಿದದ್ದಕ್ಕಿಂತ, ಕಷಾಯದ ಮೇಲೆ ಭರವಸೆಯಿಟ್ಟು ಮೂರು ದಿನ ಕಾದದ್ದು ಕೆಡುಕು ಮಾಡುತ್ತದೆ. ಪುಡಿ ತಿಂದದ್ದಕ್ಕಿಂತ, ತಿಂದದ್ದನ್ನು ವೈದ್ಯರಿಗೆ ಹೇಳದಿದ್ದದ್ದು ಅಪಾಯಕ್ಕೆ ದಾರಿ ಮಾಡುತ್ತದೆ. ಮುಂದಿನ ಹೆಜ್ಜೆಗಳೆಲ್ಲ ಈ ಎರಡನ್ನು ತಪ್ಪಿಸುವುದಕ್ಕಾಗಿ ಇವೆ.

ಮೊದಲ ಹೆಜ್ಜೆ: ಆರೋಗ್ಯವಾಗಿರುವಾಗಲೇ ಒಂದು ಹಾಳೆ ಬರೆದಿಡಿ

ಪರ್ಯಾಯ ಚಿಕಿತ್ಸೆಯ ಬಳಕೆಯನ್ನು ಅಳೆಯಲು ಸಂಶೋಧಕರು ಬಳಸುವ ಒಂದು ಅಂತರರಾಷ್ಟ್ರೀಯ ಪ್ರಶ್ನಾವಳಿಯಿದೆ. ಅದು ಜನರನ್ನು ನಾಲ್ಕು ತಲೆಬರಹಗಳಲ್ಲಿ ವಿಚಾರಿಸುತ್ತದೆ: ಯಾವ ಯಾವ ಚಿಕಿತ್ಸಕರನ್ನು ಕಂಡಿರಿ, ವೈದ್ಯರಿಂದಲೇ ಯಾವ ಪೂರಕ ಚಿಕಿತ್ಸೆ ಪಡೆದಿರಿ, ಯಾವ ಗಿಡಮೂಲಿಕೆ ಹಾಗೂ ಪೂರಕ ಮಾತ್ರೆಗಳನ್ನು ಸೇವಿಸಿದಿರಿ, ಧ್ಯಾನ ಯೋಗದಂಥ ಯಾವ ಅಭ್ಯಾಸಗಳನ್ನು ನೀವಾಗಿಯೇ ಮಾಡಿಕೊಂಡಿರಿ. ಸುಮ್ಮನೆ "ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ" ಎಂದರೆ ಜನ ವೈದ್ಯರ ಚೀಟಿಯಲ್ಲಿರುವ ಮಾತ್ರೆಗಳನ್ನಷ್ಟೇ ಹೇಳುತ್ತಾರೆ. ಮಿಕ್ಕದ್ದು ಅವರ ಲೆಕ್ಕದಲ್ಲಿ ಔಷಧಿಯೇ ಅಲ್ಲ. ಆದ್ದರಿಂದ ನಿಮ್ಮ ಹಾಳೆಗೂ ಈ ನಾಲ್ಕು ತಲೆಬರಹಗಳನ್ನೇ ಇಟ್ಟುಕೊಳ್ಳಿ. ಎಲ್ಲಕ್ಕೂ ಮೇಲೆ ನಿಮ್ಮ ಹೆಸರು, ವಯಸ್ಸು, ತೂಕ, ದೀರ್ಘಕಾಲದ ಕಾಯಿಲೆಗಳು, ಮೈಗೆ ಒಗ್ಗದ ಔಷಧಿಗಳು ಮತ್ತು ಚೀಟಿಯಲ್ಲಿರುವ ಮಾತ್ರೆಗಳು ಇರಲಿ.

ಬರೆಯುವಾಗ ನೆನಪಿನಿಂದ ಬರೆಯಬೇಡಿ. ಡಬ್ಬಿಗಳನ್ನು ಮೇಜಿನ ಮೇಲೆ ತಂದಿಟ್ಟುಕೊಂಡು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ ಬರೆಯಿರಿ. ನಾನು ಮೊದಲ ಬಾರಿ ಹೀಗೆ ಮಾಡಿದಾಗ ಕಪಾಟಿನಿಂದ ಮೂರು ಡಬ್ಬಿಗಳು ಹೊರಬಂದವು. ಒಂದು ಬರಿಯ ಸತುವಿನ ಮಾತ್ರೆ, ಇನ್ನೊಂದು ಬಹುವಿಟಮಿನ್, ಮತ್ತೊಂದು ನೀರಿನಲ್ಲಿ ಕರಗಿಸಿ ಕುಡಿಯುವ "ರೋಗನಿರೋಧಕ" ಬಿಲ್ಲೆ. ಮೊದಲನೆಯದರಲ್ಲಿ 50 ಮಿಲಿಗ್ರಾಂ, ಎರಡನೆಯದರಲ್ಲಿ 15, ಮೂರನೆಯದರಲ್ಲಿ 10 ಮಿಲಿಗ್ರಾಂ ಸತು ಇತ್ತು. ಒಟ್ಟು 75. ವಯಸ್ಕರಿಗೆ ದಿನಕ್ಕೆ 40 ಮಿಲಿಗ್ರಾಂ ಎಂಬುದು ಮೇಲ್ಮಿತಿಯೆಂದೂ, ಅದನ್ನು ಬಹುಕಾಲ ಮೀರಿದರೆ ದೇಹದಲ್ಲಿ ತಾಮ್ರದ ಕೊರತೆ ತಲೆದೋರಬಹುದೆಂದೂ ಓದಿ ತಿಳಿದಿದ್ದ ನಾನು, ಮೂರು ವಾರಗಳಿಂದ ಅದನ್ನು ಮೀರುತ್ತಲೇ ಇದ್ದೆ. ಮೂರೂ ಬೇರೆ ಬೇರೆ ಹೆಸರಿನವಾದ್ದರಿಂದ ಒಂದೇ ವಸ್ತುವನ್ನು ಮೂರು ಬಾರಿ ನುಂಗುತ್ತಿದ್ದೇನೆಂದು ಹೊಳೆದಿರಲಿಲ್ಲ. ವಿಟಮಿನ್ ಡಿಗೆ ದಿನಕ್ಕೆ 4,000 ಅಂತರರಾಷ್ಟ್ರೀಯ ಮಾನಗಳು, ವಿಟಮಿನ್ ಸಿಗೆ 2,000 ಮಿಲಿಗ್ರಾಂ ಮೇಲ್ಮಿತಿಗಳು. ಕೊರತೆಯಿದೆಯೆಂದು ವೈದ್ಯರು ಹೆಚ್ಚು ಕೊಟ್ಟಿದ್ದರೆ ಅದು ಬೇರೆ ಮಾತು.

ಎರಡನೆಯ ಹೆಜ್ಜೆ: ಪ್ರತಿ ಸಾಲಿನ ಮುಂದೆ "ಜೊತೆಗೆ" ಅಥವಾ "ಬದಲಿಗೆ" ಎಂದು ಬರೆಯಿರಿ

ನಮ್ಮ ಮಾತಿನಲ್ಲಿ ಇಲ್ಲೊಂದು ತೊಡಕಿದೆ. "ಸಾಂಪ್ರದಾಯಿಕ ಚಿಕಿತ್ಸೆ" ಎಂದರೆ ಕೆಲವರಿಗೆ ಆಸ್ಪತ್ರೆಯ ರೂಢಿಯ ಚಿಕಿತ್ಸೆ, ಕೆಲವರಿಗೆ ತಲೆತಲಾಂತರದಿಂದ ಬಂದ ಮನೆಮದ್ದು. ಹೆಸರಿನ ಗೊಂದಲವನ್ನು ಬದಿಗಿಟ್ಟು ಬಳಕೆಯನ್ನು ನೋಡುವುದೇ ಸರಿ. ಆಧುನಿಕ ಚಿಕಿತ್ಸೆಯ ಜೊತೆಗೆ ಮಾಡಿಕೊಳ್ಳುವುದು ಪೂರಕ. ಅದರ ಬದಲಿಗೆ ಮಾಡಿಕೊಳ್ಳುವುದು ಪರ್ಯಾಯ. ಒಂದೇ ಧ್ಯಾನವು ರಕ್ತದೊತ್ತಡದ ಮಾತ್ರೆಯ ಜೊತೆಗಿದ್ದಾಗ ಪೂರಕವಾಗಿರುತ್ತದೆ, ಮಾತ್ರೆ ನಿಲ್ಲಿಸಿದ ದಿನದಿಂದ ಪರ್ಯಾಯವಾಗುತ್ತದೆ. ಧ್ಯಾನ ಬದಲಾಗಿಲ್ಲ, ಅಪಾಯ ಬದಲಾಗಿದೆ.

"ಜೊತೆಗೆ" ಎಂದು ಬರೆದ ಸಾಲುಗಳಲ್ಲಿ ಹೆಚ್ಚಿನವು ನಿಮ್ಮ ಸಮಾಧಾನಕ್ಕೆ ಬಿಟ್ಟವು. "ಬದಲಿಗೆ" ಎಂದು ಬರೆದ ಪ್ರತಿ ಸಾಲನ್ನೂ ವೈದ್ಯರಿಗೆ ತೋರಿಸಿಯೇ ತೀರಬೇಕು. ಮಾತ್ರೆ ನಿಲ್ಲಿಸುವ ಆಲೋಚನೆ ಸೊಪ್ಪು ಬೇರಿನ ನಂಬಿಕೆಯಿಂದಲೇ ಬರಬೇಕೆಂದೇನೂ ಇಲ್ಲ, ಸುದ್ದಿಯಿಂದಲೂ ಬರುತ್ತದೆ. 2020ರ ಮಾರ್ಚ್‌ನಲ್ಲಿ ರಕ್ತದೊತ್ತಡದ ಕೆಲವು ಮಾತ್ರೆಗಳು ಕೋವಿಡ್ ಅನ್ನು ಉಲ್ಬಣಗೊಳಿಸುತ್ತವೆಂಬ ಊಹೆ ಹರಡಿದಾಗ, ಯುರೋಪಿನ ಹಾಗೂ ಅಮೆರಿಕದ ಹೃದ್ರೋಗ ತಜ್ಞರ ಸಂಘಗಳು ಮಾತ್ರೆಗಳನ್ನು ನಿಲ್ಲಿಸಬಾರದೆಂದು ಆ ತಿಂಗಳಲ್ಲೇ ಹೇಳಿಕೆ ಕೊಡಬೇಕಾಯಿತು. ಇನ್ಸುಲಿನ್, ಉಬ್ಬಸದ ಇನ್‌ಹೇಲರ್, ಮೂರ್ಛೆರೋಗದ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಮಾನಸಿಕ ಕಾಯಿಲೆಯ ಔಷಧಿ, ಇವುಗಳ ಮುಂದೆ "ಬದಲಿಗೆ" ಎಂಬ ಪದ ಕಾಣಿಸಿಕೊಂಡರೆ ಅಂದೇ ಫೋನು ಮಾಡಿ.

ಲಸಿಕೆಯೂ ಇದೇ ಸಾಲಿಗೆ ಸೇರುತ್ತದೆ. ಅದರ ಕೆಲಸವನ್ನು ಮಾಡುವ ಕಷಾಯವಾಗಲಿ, ಗುಳಿಗೆಯಾಗಲಿ, ಉಸಿರಾಟದ ಅಭ್ಯಾಸವಾಗಲಿ ಇಲ್ಲ.

ಮೂರನೆಯ ಹೆಜ್ಜೆ: ಕಾಯಲಾಗದ್ದು ಯಾವುದೆಂದು ಮುಂಚೆಯೇ ತೀರ್ಮಾನಿಸಿ

ಮಹಾಸಾಂಕ್ರಾಮಿಕದ ಸಮಯದಲ್ಲಿ ಉಳಿದ ಕಾಯಿಲೆಗಳು ರಜೆ ಹಾಕುವುದಿಲ್ಲ. 2020ರ ವಸಂತದಲ್ಲಿ ಇಟಲಿಯ ಆಸ್ಪತ್ರೆಗಳಿಗೆ ಹೃದಯಾಘಾತದಿಂದ ದಾಖಲಾಗುವವರ ಸಂಖ್ಯೆ ಹಿಂದಿನ ವರ್ಷಕ್ಕೆ ಹೋಲಿಸಿದರೆ ಹತ್ತಿರ ಹತ್ತಿರ ಅರ್ಧಕ್ಕಿಳಿಯಿತು. ಹೃದಯಗಳು ಒಮ್ಮೆಲೇ ಗಟ್ಟಿಯಾಗಿರಲು ಸಾಧ್ಯವಿಲ್ಲ. ಎದೆನೋವು ಬಂದವರು ಮನೆಯಲ್ಲೇ ಉಳಿದದ್ದು ಅದಕ್ಕೆ ದೊಡ್ಡ ಕಾರಣವಿರಬೇಕೆಂದು ತಜ್ಞರು ಅಂದಾಜಿಸಿದರು.

ಎದೆಯಲ್ಲಿ ಬಿಗಿತ ಅಥವಾ ಒತ್ತಿದಂಥ ನೋವು, ಮುಖದ ಒಂದು ಬದಿ ಜೋಲುವುದು, ಕೈಯೊಂದು ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಕುಳಿತಲ್ಲೇ ಏದುಸಿರು, ಹೊಸದಾಗಿ ಕಾಣಿಸಿಕೊಂಡ ಗೊಂದಲ, ಎಬ್ಬಿಸಿದರೂ ಎಚ್ಚರಗೊಳ್ಳದ ಮಂಪರು, ತುಟಿ ಉಗುರುಗಳು ನೀಲಿಗಟ್ಟುವುದು, ನಿಲ್ಲದ ರಕ್ತಸ್ರಾವ, ಬದುಕು ಸಾಕೆಂಬ ತೀವ್ರ ಯೋಚನೆ: ಇವು ಯಾವುದಕ್ಕೂ ಮನೆಮದ್ದಿನ ಪ್ರಯೋಗ ಬೇಡ. ರಕ್ತ ಹೆಪ್ಪುಗಟ್ಟಿ ಆಗುವ ಪಾರ್ಶ್ವವಾಯುವಿನಲ್ಲಿ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಆ ಗಡಿಯನ್ನು ಎಣ್ಣೆ ತಿಕ್ಕುತ್ತಾ ಕಳೆದುಬಿಟ್ಟರೆ ಮರಳಿ ಪಡೆಯಲಾಗದು.

ಡಯಾಲಿಸಿಸ್, ಕ್ಯಾನ್ಸರ್ ಚಿಕಿತ್ಸೆ, ಗರ್ಭಿಣಿಯರ ತಪಾಸಣೆಗಳನ್ನು ವೈದ್ಯರೇ ಮುಂದೂಡುವವರೆಗೆ ನೀವಾಗಿ ಮುಂದೂಡಬೇಡಿ. ವಾರ್ಷಿಕ ತಪಾಸಣೆ, ಕನ್ನಡಕದ ಪರೀಕ್ಷೆ, ಹಳೆಯ ಮಂಡಿನೋವಿನ ವಿಚಾರಣೆ ಮುಂತಾದವು ಕಾಯಬಲ್ಲವು. ನಡುವಿನವು ಎಷ್ಟೋ ಇವೆ: ಸ್ಥಿಮಿತದಲ್ಲಿರುವ ಸಕ್ಕರೆ ಕಾಯಿಲೆ, ಹಳೆಯ ಚೀಟಿಯ ನವೀಕರಣ, ಚರ್ಮದ ತೊಂದರೆ. ಇವನ್ನು ಫೋನು ಅಥವಾ ವಿಡಿಯೋ ಭೇಟಿಯಲ್ಲಿ ಮುಗಿಸಬಹುದು.

ನಾಲ್ಕನೆಯ ಹೆಜ್ಜೆ: ಜ್ವರ ಬಂದ ದಿನವನ್ನು ಒಂದನೆಯ ದಿನವೆಂದು ಗುರುತು ಹಾಕಿ

ಸೋಂಕಿನ ಲಕ್ಷಣ ಕಾಣಿಸಿದ ದಿನಾಂಕವನ್ನು ಹಾಳೆಯ ಹಿಂಬದಿಯಲ್ಲಿ ಬರೆಯಿರಿ. ದಿನದ ಲೆಕ್ಕ ಇಲ್ಲದೆ ವೈದ್ಯರು ಸರಿಯಾದ ತೀರ್ಮಾನಕ್ಕೆ ಬರುವುದು ಕಷ್ಟ. ಕೋವಿಡ್‌ನ ನಿರ್ಮಾಟ್ರೆಲ್ವಿರ್ ಮತ್ತು ರಿಟೊನಾವಿರ್ ಜೋಡಿ ಮಾತ್ರೆಯನ್ನು ಲಕ್ಷಣ ಶುರುವಾದ ಐದು ದಿನಗಳೊಳಗೆ ಆರಂಭಿಸಬೇಕು. "ಮೊದಲು ಮನೆಯಲ್ಲೇ ನೋಡೋಣ" ಎಂದು ವಾರ ಕಳೆದವರಿಗೆ ಆ ಬಾಗಿಲು ಮುಚ್ಚಿರುತ್ತದೆ. ವಯಸ್ಸು, ಇತರ ಕಾಯಿಲೆ ಅಥವಾ ಗರ್ಭಿಣಿಯಾಗಿರುವ ಕಾರಣ ನಿಮಗೆ ಅಪಾಯ ಹೆಚ್ಚಿದ್ದರೆ ಮೊದಲ ಎರಡು ದಿನಗಳಲ್ಲೇ ಪರೀಕ್ಷೆ ಮಾಡಿಸಿ ವೈದ್ಯರ ಜೊತೆ ಮಾತಾಡಿ.

ಇನ್ನೊಂದು ಔಷಧಿಯ ಕತೆ ಇದಕ್ಕೆ ತಿರುಗುಮುರುಗು. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಸ್ಟಿರಾಯ್ಡ್ ಕೋವಿಡ್‌ನಲ್ಲಿ ಜೀವ ಉಳಿಸುತ್ತದೆಂದು ಬ್ರಿಟನ್ನಿನ ರಿಕವರಿ ಪ್ರಯೋಗವು 2020ರ ಜೂನ್‌ನಲ್ಲಿ ತೋರಿಸಿತು. ಕೃತಕ ಉಸಿರಾಟದಲ್ಲಿದ್ದವರ ಸಾವು ಸುಮಾರು ಮೂರನೆಯ ಒಂದು ಭಾಗ, ಆಮ್ಲಜನಕ ಪಡೆಯುತ್ತಿದ್ದವರ ಸಾವು ಸುಮಾರು ಐದನೆಯ ಒಂದು ಭಾಗ ಕಡಿಮೆಯಾಯಿತು. ಆದರೆ ಆಮ್ಲಜನಕ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭವೇ ಕಾಣಲಿಲ್ಲ. ಸ್ಟಿರಾಯ್ಡ್ ದೇಹದ ಪ್ರತಿರೋಧವನ್ನು ತಗ್ಗಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ವೈರಸ್ಸಿನೊಂದಿಗೆ ದೇಹ ಇನ್ನೂ ಹೋರಾಡುತ್ತಿರುವ ಮೊದಲ ದಿನಗಳಲ್ಲಿ ಅದನ್ನು ತಾವಾಗಿ ನುಂಗುವುದು ಮನೆಗೆ ಬೀಳುತ್ತಿರುವ ಕಳ್ಳನೆದುರು ಕಾವಲುಗಾರನನ್ನು ಕಟ್ಟಿಹಾಕಿದಂತೆ. ಹಳೆಯ ಚೀಟಿಯಲ್ಲಿ ಉಳಿದುಹೋದ ಮಾತ್ರೆಗಳಿಗೂ ಈ ಮಾತು ಅನ್ವಯಿಸುತ್ತದೆ. ವೈರಸ್ಸಿಗೆ ಆಂಟಿಬಯಾಟಿಕ್ ನಾಟುವುದಿಲ್ಲವೆಂಬುದನ್ನೂ ಇಲ್ಲೇ ಸೇರಿಸಿಬಿಡುತ್ತೇನೆ.

ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು, ಆದರೆ ಎಣಿಸಿ ತೆಗೆದುಕೊಳ್ಳಬೇಕು. 650 ಮಿಲಿಗ್ರಾಂನ ಮಾತ್ರೆಯನ್ನು ದಿನಕ್ಕೆ ನಾಲ್ಕು ಬಾರಿ ತೆಗೆದುಕೊಂಡರೆ 2,600 ಮಿಲಿಗ್ರಾಂ. ಅದರ ಜೊತೆಗೆ ನೆಗಡಿಯ ಮಾತ್ರೆಯೊಂದನ್ನೂ ನಾಲ್ಕು ಬಾರಿ ನುಂಗಿ, ಅದರೊಳಗೂ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದರೆ ಇನ್ನೊಂದು 2,000 ಸೇರಿ 4,600 ಆಯಿತು. ಆರೋಗ್ಯವಂತ ವಯಸ್ಕರಿಗೂ ದಿನದ ಮೇಲ್ಮಿತಿ 4,000. ಯಕೃತ್ತಿನ ತೊಂದರೆಯಿರುವವರಿಗೆ, ಮದ್ಯ ಸೇವಿಸುವವರಿಗೆ, ಕಡಿಮೆ ತೂಕದವರಿಗೆ ಇನ್ನೂ ಕಡಿಮೆ. ವೈದ್ಯರೂ ಪ್ರಮಾಣದಲ್ಲಿ ಎಡವಿದ್ದುಂಟು: 1918ರ ಇನ್‌ಫ್ಲುಯೆಂಜಾ ಸಮಯದಲ್ಲಿ ದಿನಕ್ಕೆ 8ರಿಂದ 31 ಗ್ರಾಂವರೆಗೆ ಆಸ್ಪಿರಿನ್ ಕೊಡುವ ಸಲಹೆಗಳಿದ್ದವು, ಇಂದು ಅದು ವಿಷದ ಪ್ರಮಾಣವೆಂದು ಗೊತ್ತಿದೆ.

ಇನ್ನು ಬೆರಳಿಗೆ ಹಾಕುವ ಆಕ್ಸಿಮೀಟರ್. ಇದನ್ನು ತಪ್ಪಾಗಿ ಬಳಸುವವರೇ ಹೆಚ್ಚಾದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಉಗುರಿನ ಬಣ್ಣ ತೆಗೆಯಿರಿ. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ. ಐದು ನಿಮಿಷ ಸುಮ್ಮನೆ ಕುಳಿತು, ಕೈಯನ್ನು ಎದೆಯ ಮಟ್ಟದಲ್ಲಿ ಅಲುಗಾಡದಂತೆ ಇಟ್ಟುಕೊಂಡು, ತೋರುಬೆರಳಿಗೋ ನಡುಬೆರಳಿಗೋ ಹಾಕಿ. ಹಾಕಿದ ಕೂಡಲೇ ಕಾಣುವ ಅಂಕಿಯನ್ನು ಬರೆಯಬೇಡಿ. ಒಂದು ನಿಮಿಷ ಕಾದು, ಅಂಕಿ ನಿಂತ ಮೇಲೆ ಬರೆಯಿರಿ. ಎರಡು ಅಂಕಿಗಳಲ್ಲಿ ಒಂದು ಆಮ್ಲಜನಕದ್ದು, ಇನ್ನೊಂದು ನಾಡಿಬಡಿತದ್ದು. ಅದಲುಬದಲು ಮಾಡಿ ಓದಿ ಗಾಬರಿಯಾದವರೂ, ನಿಶ್ಚಿಂತರಾದವರೂ ಇದ್ದಾರೆ. ದಿನಕ್ಕೆ ಮೂರು ಸಲ, ಒಂದೇ ಬೆರಳಿನಲ್ಲಿ ನೋಡಿ. 95 ಅಥವಾ ಮೇಲಿದ್ದರೆ ಸಾಮಾನ್ಯ. 93, 94 ಬಂದು ಮತ್ತೊಮ್ಮೆ ನೋಡಿದಾಗಲೂ ಹಾಗೆಯೇ ಇದ್ದರೆ ಅಂದೇ ವೈದ್ಯರಿಗೆ ತಿಳಿಸಿ. 92 ಅಥವಾ ಅದಕ್ಕಿಂತ ಕೆಳಗಾದರೆ ತುರ್ತು ಚಿಕಿತ್ಸೆಗೆ ಹೊರಡಿ. ಮೊದಲಿಂದಲೂ ಶ್ವಾಸಕೋಶದ ಕಾಯಿಲೆಯಿರುವವರು ತಮ್ಮ ಎಂದಿನ ಅಂಕಿ ಎಷ್ಟೆಂದು ಮುಂಚೆಯೇ ಕೇಳಿಟ್ಟುಕೊಳ್ಳಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಸಾಧನವು ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆಯಿದೆಯೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2021ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಆದ್ದರಿಂದ ಅಂಕಿ 96 ಇದ್ದರೂ ನಾಲ್ಕು ಮಾತಾಡುವಷ್ಟರಲ್ಲಿ ಉಸಿರು ಕಟ್ಟುತ್ತಿದ್ದರೆ ಅಂಕಿಯನ್ನು ನಂಬಬೇಡಿ, ಉಸಿರನ್ನು ನಂಬಿ. ಕೋವಿಡ್‌ನಲ್ಲಿ ಸ್ಥಿತಿ ಬಿಗಡಾಯಿಸುವುದು ಹೆಚ್ಚಾಗಿ ಐದರಿಂದ ಹತ್ತನೆಯ ದಿನದೊಳಗೆ. ನಾಲ್ಕನೆಯ ದಿನ ಜ್ವರ ಇಳಿಯಿತೆಂದು ಅಳತೆಯನ್ನು ನಿಲ್ಲಿಸುವುದು ಅವಸರವಾಗುತ್ತದೆ.

ಐದನೆಯ ಹೆಜ್ಜೆ: ಒಟ್ಟಿಗೆ ಸೇರಬಾರದವನ್ನು ಬೇರ್ಪಡಿಸಿ

"ಗಿಡಮೂಲಿಕೆ ತಾನೆ, ಒಳ್ಳೆಯದಾಗದಿದ್ದರೂ ಕೆಟ್ಟದ್ದಂತೂ ಆಗದು" ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಒಂದು ವಸ್ತುವಿಗೆ ಗುಣಪಡಿಸುವ ಶಕ್ತಿಯಿದೆಯೆಂದಾದರೆ ಅದು ದೇಹದಲ್ಲಿ ಏನನ್ನೋ ಬದಲಿಸುತ್ತದೆ ಎಂದೇ ಅರ್ಥ. ಹಾಗೆ ಬದಲಿಸುವ ಯಾವುದೂ ಬೇರೊಂದು ಔಷಧಿಯ ಕೆಲಸಕ್ಕೆ ಅಡ್ಡ ಬರಬಹುದು.

ಮನಸ್ಸಿನ ಖಿನ್ನತೆಗೆಂದು ಹಲವರು ಕೊಳ್ಳುವ ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯು ಯಕೃತ್ತಿನಲ್ಲಿ ಔಷಧಿಗಳನ್ನು ಒಡೆಯುವ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಅದರಿಂದ ಗರ್ಭನಿರೋಧಕ ಮಾತ್ರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್, ಅಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೋರಿನ್, ಮೇಲೆ ಹೇಳಿದ ಕೋವಿಡ್ ಮಾತ್ರೆ, ಎಲ್ಲವೂ ದೇಹದಿಂದ ಬೇಗ ಹೊರಬಿದ್ದು ನಿಷ್ಫಲವಾಗಬಹುದು. ಮೂಲಿಕೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಈ ಪ್ರಭಾವ ಉಳಿಯುವುದರಿಂದ "ನಿನ್ನೆಯೇ ಬಿಟ್ಟೆ" ಎಂದುಕೊಂಡು ಸುಮ್ಮನಿರುವಂತಿಲ್ಲ. ಕೆಮ್ಮಿಗೆಂದು ದಿನವೂ ಯಷ್ಟಿಮಧುವಿನ ಕಷಾಯ ಕುಡಿದರೆ ದೇಹದಲ್ಲಿ ಉಪ್ಪಿನ ಅಂಶ ನಿಂತು, ಪೊಟಾಸಿಯಂ ಕಡಿಮೆಯಾಗಿ, ರಕ್ತದೊತ್ತಡ ಏರಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಹೃದಯದ ಡಿಗಾಕ್ಸಿನ್ ತೆಗೆದುಕೊಳ್ಳುವವರಿಗೆ ಇದು ಹೃದಯಬಡಿತದ ಲಯ ತಪ್ಪಿಸುವಷ್ಟು ದೂರ ಹೋಗಬಹುದು. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಮಾತ್ರೆಗಳೂ ದೊಡ್ಡ ಪ್ರಮಾಣದ ಬೆಳ್ಳುಳ್ಳಿ ಸಾರವೂ ರಕ್ತ ತೆಳುವಾಗಿಸುವ ಔಷಧಿಯ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ. ಅರಿಶಿನದ ಸಾರವನ್ನು ಕರಿಮೆಣಸಿನ ಸಾರದೊಂದಿಗೆ ಬೆರೆಸಿದ ಗುಳಿಗೆಗಳಿಂದ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಅಡುಗೆಯ ಚಿಟಿಕೆಗೂ ಗುಳಿಗೆಯ ಸಾರಕ್ಕೂ ಅಜಗಜಾಂತರವಿದೆ.

ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆಯ ವಿಷಯ ಬಹಳ ಜನಕ್ಕೆ ತಿಳಿಯದು. ಅದು ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನು ತಪ್ಪಾಗಿಸಬಲ್ಲದು. ಹೃದಯಾಘಾತವನ್ನು ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯಲ್ಲಿ ಅಂಕಿಯನ್ನು ಇರುವುದಕ್ಕಿಂತ ಕಡಿಮೆ ತೋರಿಸಬಲ್ಲದು. ತುರ್ತು ವಿಭಾಗದಲ್ಲಿ ಕೂದಲಿನ ಮಾತ್ರೆಯ ಬಗ್ಗೆ ಹೇಳುವುದು ಯಾರಿಗೂ ತೋಚುವುದಿಲ್ಲ. ಹಾಳೆ ಇದ್ದರೆ ಅದು ತಾನೇ ಹೇಳುತ್ತದೆ.

"ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ" ಎಂಬ ಬರಹವನ್ನು ಓದಿದಾಗ ಒಂದು ಪ್ರಶ್ನೆ ಕೇಳಿಕೊಳ್ಳಿ. ಅದು ನಿಜವಲ್ಲದಿದ್ದರೆ ಕೊಂಡು ಪ್ರಯೋಜನವಿಲ್ಲ. ನಿಜವೇ ಆಗಿದ್ದರೆ, ಕಸಿ ಮಾಡಿದ ಅಂಗವನ್ನು ದೇಹವು ತಿರಸ್ಕರಿಸದಂತೆ ಆ ಶಕ್ತಿಯನ್ನು ತಗ್ಗಿಸಿಕೊಂಡಿರುವವರು, ತಮ್ಮದೇ ಪ್ರತಿರೋಧ ತಮ್ಮ ಕೀಲುಗಳನ್ನು ತಿನ್ನುತ್ತಿರುವ ಸಂಧಿವಾತದವರು ಅದನ್ನು ಮುಟ್ಟಲೇಬಾರದು.

ಡಬ್ಬಿಯ ಮೇಲೆ ಬರೆದಿರುವುದೇ ಒಳಗಿದೆಯೆಂಬ ಖಾತರಿಯೂ ಎಲ್ಲ ವೇಳೆ ಇರುವುದಿಲ್ಲ. 2008ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂತು. ತಯಾರಕರ ಹೆಸರು, ಘಟಕಗಳ ಪಟ್ಟಿ, ತಯಾರಿಕೆಯ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಪೊಟ್ಟಣವನ್ನು ಎಷ್ಟು ಆಪ್ತರು ಕೊಟ್ಟರೂ ಬಾಯಿಗೆ ಹಾಕಿಕೊಳ್ಳಬೇಡಿ.

ಆರನೆಯ ಹೆಜ್ಜೆ: "ನನಗೆ ಗುಣವಾಯಿತು" ಎಂಬ ಮಾತನ್ನು ತೂಗಿ ನೋಡಿ

2020ರ ಫೆಬ್ರವರಿಯಲ್ಲಿ ಚೀನಾದ ರೋಗ ನಿಯಂತ್ರಣ ಕೇಂದ್ರವು ದೃಢಪಟ್ಟ 44,000ಕ್ಕೂ ಹೆಚ್ಚು ಕೋವಿಡ್ ರೋಗಿಗಳ ಲೆಕ್ಕ ಪ್ರಕಟಿಸಿತು. ಅವರಲ್ಲಿ ಶೇ. 81 ಮಂದಿಗೆ ಕಾಯಿಲೆ ಸೌಮ್ಯವಾಗಿತ್ತು, ಶೇ. 14 ಮಂದಿಗೆ ತೀವ್ರ, ಶೇ. 5 ಮಂದಿಗೆ ಅತಿ ಗಂಭೀರ. ಈಗ ನೂರು ರೋಗಿಗಳಿಗೆ ಬರಿಯ ಬಿಸಿನೀರನ್ನು ಔಷಧಿಯೆಂದು ಹೇಳಿ ಕೊಟ್ಟಿರೆಂದುಕೊಳ್ಳಿ. ಎಂಬತ್ತೊಂದು ಮಂದಿ ಮನೆಯಲ್ಲೇ ಚೇತರಿಸಿಕೊಂಡು, ಬಿಸಿನೀರು ತಮ್ಮ ಪ್ರಾಣ ಉಳಿಸಿತೆಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಬಳಿ ಹೋಲಿಸಿ ನೋಡಲು ಇನ್ನೊಂದು ಗುಂಪಿಲ್ಲ, ಅಷ್ಟೆ. ಗುಣವಾಗದವರ ವಿಡಿಯೋ ಯಾರೂ ಹಂಚುವುದಿಲ್ಲ.

ಹೋಲಿಸಿ ನೋಡಿದಾಗ ಬಿದ್ದುಹೋದವುಗಳಲ್ಲಿ ಆಸ್ಪತ್ರೆಯ ಔಷಧಿಗಳೂ ಇವೆ, ಪೂರಕ ಮಾತ್ರೆಗಳೂ ಇವೆ. ಮಲೇರಿಯಾದ ಔಷಧಿಯಾದ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನು ಕೋವಿಡ್‌ಗೆ ಬಳಸಲು ಅಮೆರಿಕದಲ್ಲಿ 2020ರ ಮಾರ್ಚ್ 28ರಂದು ಕೊಟ್ಟ ತುರ್ತು ಅನುಮತಿಯನ್ನು ಜೂನ್ 15ರಂದು ಹಿಂತೆಗೆದುಕೊಳ್ಳಲಾಯಿತು. ಪರೋಪಜೀವಿ ಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಕೋವಿಡ್ ರೋಗಿಗಳು ಆಸ್ಪತ್ರೆ ಸೇರುವುದನ್ನು ತಪ್ಪಿಸುವುದಿಲ್ಲವೆಂದು 2022ರಲ್ಲಿ ದೊಡ್ಡ ಪ್ರಯೋಗವೊಂದು ಹೇಳಿತು. ಹೆಚ್ಚಿನ ಪ್ರಮಾಣದ ಸತು ಮತ್ತು ವಿಟಮಿನ್ ಸಿ ಕೋವಿಡ್ ಲಕ್ಷಣಗಳ ಅವಧಿಯನ್ನು ಗಣನೀಯವಾಗಿ ಕುಗ್ಗಿಸುವುದಿಲ್ಲವೆಂದು 214 ಮಂದಿಯ ಪ್ರಯೋಗವು 2021ರಲ್ಲಿ ತಿಳಿಸಿತು. ಫಲ ಕಾಣುವ ಸೂಚನೆಯಿಲ್ಲದ್ದರಿಂದ ಅದನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದ್ದರು. ಗೆದ್ದವುಗಳ ಕಡೆ ಡೆಕ್ಸಾಮೆಥಾಸೋನ್ ಇದೆ. ಇನ್ನೂ ಹಿಂದಕ್ಕೆ ಹೋದರೆ, ಚೀನಾದ ಹಳೆಯ ವೈದ್ಯಗ್ರಂಥದಲ್ಲಿದ್ದ ಗಿಡವೊಂದರಿಂದ ಮಲೇರಿಯಾಕ್ಕೆ ಆರ್ಟಿಮಿಸಿನಿನ್ ತೆಗೆದ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದಿದೆ. ಮದ್ದಿನ ಮೂಲ ಯಾವುದೆಂಬುದು ತೀರ್ಪು ಕೊಡುವುದಿಲ್ಲ, ಪರೀಕ್ಷೆ ಕೊಡುತ್ತದೆ.

ಕೆಲವು ಸಲಹೆಗಳು ಪರೀಕ್ಷೆಯವರೆಗೂ ಹೋಗಬೇಕಿಲ್ಲ, ಬಾಗಿಲಲ್ಲೇ ತಡೆಯಬಹುದು. ಇರಾನಿನಲ್ಲಿ 2020ರ ಮೊದಲ ತಿಂಗಳುಗಳಲ್ಲಿ ಮದ್ಯ ಸೋಂಕನ್ನು ಕೊಲ್ಲುತ್ತದೆಂಬ ಮಾತು ನಂಬಿ ಮೆಥನಾಲ್ ಬೆರೆತ ಮದ್ಯ ಕುಡಿದು ನೂರಾರು ಮಂದಿ ಸತ್ತರು. ಬೆಳ್ಳಿಯ ಕಣಗಳ ದ್ರಾವಣವನ್ನು ಕುಡಿಯುತ್ತಾ ಹೋದರೆ ಚರ್ಮ ಶಾಶ್ವತವಾಗಿ ನೀಲಿಬೂದಿ ಬಣ್ಣಕ್ಕೆ ತಿರುಗಬಹುದು. ಬಿಸಿ ಹಬೆಗೆ ಮೂಗು ಸಡಿಲವಾದಂತೆ ಅನಿಸಬಹುದು, ಆದರೆ ವೈರಸ್ ಸಾಯುವುದಿಲ್ಲ. ಕುದಿಯುವ ನೀರಿನ ಪಾತ್ರೆಯ ಮೇಲೆ ಹೊದಿಕೆ ಹೊದ್ದು ಬಾಗಿ ಸುಟ್ಟುಕೊಂಡವರ ಪ್ರಕರಣಗಳು ಸಾಕಷ್ಟಿವೆ. ಎಲ್ಲ ಕಾಯಿಲೆಗೂ ಒಂದೇ ಮದ್ದು, ಯಾವ ಅಡ್ಡಪರಿಣಾಮವೂ ಇಲ್ಲ, ವೈದ್ಯರು ಇದನ್ನು ಮುಚ್ಚಿಡುತ್ತಾರೆ: ಈ ಮೂರರಲ್ಲಿ ಒಂದು ಮಾತು ಕೇಳಿಬಂದರೂ ಅಲ್ಲಿಗೆ ಬಿಟ್ಟುಬಿಡಿ.

ಏಳನೆಯ ಹೆಜ್ಜೆ: ಮೈಮುಟ್ಟಿ ಮಾಡುವ ಚಿಕಿತ್ಸೆಗಳನ್ನು ಬೇರೆಯಾಗಿ ನೋಡಿ

ಮಸಾಜ್, ಸೂಜಿಚಿಕಿತ್ಸೆ, ಮೂಳೆ ಕೀಲು ಸರಿಪಡಿಸುವ ಚಿಕಿತ್ಸೆಗಳಲ್ಲಿ ಇಬ್ಬರು ಮುಕ್ಕಾಲು ಗಂಟೆ ಒಂದೇ ಮುಚ್ಚಿದ ಕೋಣೆಯಲ್ಲಿ ಉಸಿರಾಡುತ್ತಾರೆ. ಸೋಂಕು ಏರುತ್ತಿರುವ ವಾರಗಳಲ್ಲಿ ಇವನ್ನು ಮುಂದೂಡಿ. ಹೋಗಲೇಬೇಕಾದರೆ ಕಿಟಕಿ ತೆರೆದಿರುತ್ತದೆಯೇ, ಚಿಕಿತ್ಸಕರು ಮಾಸ್ಕ್ ಹಾಕುತ್ತಾರೆಯೇ, ಒಬ್ಬರಾದ ಮೇಲೆ ಇನ್ನೊಬ್ಬರಿಗೆ ನಡುವೆ ಬಿಡುವಿದೆಯೇ, ಸೂಜಿಗಳು ಒಮ್ಮೆ ಬಳಸಿ ಎಸೆಯುವಂಥವೇ ಎಂದು ಫೋನಿನಲ್ಲೇ ಕೇಳಿ. ಕೇಳಿದ್ದಕ್ಕೆ ಬೇಸರಪಟ್ಟುಕೊಳ್ಳುವವರ ಬಳಿಗೆ ಹೋಗದಿರುವುದೇ ಲೇಸು.

ಧ್ಯಾನ, ಯೋಗ, ಸಂಗೀತ, ನಿಧಾನ ಉಸಿರಾಟಗಳನ್ನು ಮನೆಯಲ್ಲೇ ಮಾಡಬಹುದು. ಒಂಟಿತನ, ನಿದ್ರೆಗೇಡು, ಆತಂಕಗಳು ತುಂಬಿದ ತಿಂಗಳುಗಳಲ್ಲಿ ಇವುಗಳ ನೆರವು ಸಣ್ಣದಲ್ಲ. ಸೋಂಕನ್ನು ತಡೆಯುವ ಭಾರವನ್ನು ಮಾತ್ರ ಇವುಗಳ ಮೇಲೆ ಹೊರಿಸಬೇಡಿ. ಆಮ್ಲಜನಕ ಕಡಿಮೆಯಿರುವಾಗ ಉಸಿರು ಬಿಗಿಹಿಡಿಯುವ ಅಭ್ಯಾಸ ಬೇಡವೇ ಬೇಡ.

ಎಂಟನೆಯ ಹೆಜ್ಜೆ: ವೈದ್ಯರಿಗೆ ಹೇಳುವ ಬಗೆ

ಬೈಯುತ್ತಾರೆಂಬ ಅಳುಕಿನಿಂದ ಜನ ಬಚ್ಚಿಡುತ್ತಾರೆ. ಈ ಅಳುಕಿಗೆ ಕೆಲವು ವೈದ್ಯರ ಮುಖಭಾವವೂ ಕಾರಣವೆಂಬುದನ್ನು ಅಲ್ಲಗಳೆಯಲಾರೆ. ಆದ್ದರಿಂದ ಸಮರ್ಥನೆಗೆ ಹೋಗದೆ, ಅಪ್ಪಣೆಯನ್ನೂ ಬೇಡದೆ, ಮಾಹಿತಿಯಾಗಿ ಹೇಳಿ: "ಡಾಕ್ಟರೇ, ಇಂದು ಐದನೆಯ ದಿನ. ಜ್ವರ ನಿನ್ನೆ ರಾತ್ರಿ 101 ಇತ್ತು. ಆಮ್ಲಜನಕ ಬೆಳಿಗ್ಗೆ 96, ಈಗ 95. ಬಿಪಿ ಮಾತ್ರೆ ಬಿಟ್ಟಿಲ್ಲ. ಇದರ ಜೊತೆಗೆ ಹತ್ತು ದಿನಗಳಿಂದ ಯಷ್ಟಿಮಧು ಕಷಾಯ ದಿನಕ್ಕೆ ಎರಡು ಲೋಟ ಕುಡಿಯುತ್ತಿದ್ದೇನೆ, ಅದರಿಂದ ಬಿಪಿಗೆ ತೊಂದರೆಯಿದೆಯೇ?" ಅರ್ಧ ನಿಮಿಷದ ಈ ಮಾತಿನಲ್ಲಿ ವೈದ್ಯರಿಗೆ ಬೇಕಾದದ್ದೆಲ್ಲ ಇದೆ. ವಿಡಿಯೋ ಭೇಟಿಯಾದರೆ ಡಬ್ಬಿಗಳನ್ನು ಪಕ್ಕದಲ್ಲೇ ಇಟ್ಟುಕೊಂಡಿರಿ, ಹಾಳೆಯ ಫೋಟೋವನ್ನು ಮೊದಲೇ ಕಳಿಸಿ. ಪರ್ಯಾಯ ಪದ್ಧತಿಯ ಚಿಕಿತ್ಸಕರಿಗೂ ಇದೇ ಹಾಳೆಯನ್ನು ತೋರಿಸಬೇಕು. ಆಸ್ಪತ್ರೆಯ ಔಷಧಿಯನ್ನು ನಿಲ್ಲಿಸಿದರೆ ಮಾತ್ರ ತಮ್ಮ ಮದ್ದು ಹಿಡಿಯುತ್ತದೆ ಎನ್ನುವವರಿದ್ದರೆ ಆ ಸಲಹೆಯನ್ನು ಬರೆದುಕೊಡಲು ಕೇಳಿ. ಬರೆದುಕೊಡಲು ಅವರು ಹಿಂದೆಮುಂದೆ ನೋಡಿದರೆ ನಿಮಗೆ ಉತ್ತರ ಸಿಕ್ಕಂತೆ.

ಪ್ರಜ್ಞೆ ತಪ್ಪಿದ ರೋಗಿ ಏನನ್ನೂ ಹೇಳಲಾರ. ಹಾಳೆ ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ಗೊತ್ತಿರಲಿ; ಒಬ್ಬರೇ ವಾಸಿಸುವವರು ಅದನ್ನು ಬಾಗಿಲ ಒಳಬದಿಗೆ ಅಂಟಿಸಲಿ, ಒಂದು ಪ್ರತಿಯನ್ನು ಫೋನಿನಲ್ಲೂ ಇಟ್ಟುಕೊಳ್ಳಲಿ.

ಒಂಬತ್ತನೆಯ ಹೆಜ್ಜೆ: ಚೇತರಿಸಿದ ಮೇಲೆ ಹಾಳೆಯನ್ನು ಮತ್ತೆ ಓದಿ

ಜ್ವರ ಬಿಟ್ಟ ಮೇಲೂ ಕೆಲವರಿಗೆ ಸುಸ್ತು, ಮರೆವು, ಎದೆಬಡಿತ, ಉಸಿರಾಟದ ತೊಂದರೆ ತಿಂಗಳುಗಟ್ಟಲೆ ಉಳಿಯುತ್ತವೆ. ಸ್ವಲ್ಪ ಓಡಾಡಿದರೆ ಮರುದಿನ ಏಳಲಾಗದಷ್ಟು ಸುಸ್ತಾಗುವವರು "ವ್ಯಾಯಾಮ ಮಾಡಿದರೆ ಸರಿಹೋಗುತ್ತದೆ" ಎಂಬ ಮಾತಿಗೆ ಕಿವಿಗೊಡದೆ, ಶಕ್ತಿಯನ್ನು ಅಳೆದು ಖರ್ಚು ಮಾಡಬೇಕು. ಸಾಂಕ್ರಾಮಿಕದ ನಂತರ ಉಳಿಯುವ ಇಂಥ ತೊಂದರೆಗಳಿಗೆ ಖಚಿತ ಮದ್ದಿಲ್ಲದಿರುವುದರಿಂದಲೇ ಮಾರುವವರ ಸಂತೆ ಇಲ್ಲಿ ದೊಡ್ಡದು. ರಕ್ತಹೀನತೆ, ಥೈರಾಯ್ಡ್, ಹೃದಯ, ಶ್ವಾಸಕೋಶಗಳ ತಪಾಸಣೆ ಮುಗಿಯುವ ತನಕ ಹೊಸ ಡಬ್ಬಿ ತೆರೆಯಬೇಡಿ. ಆಸ್ಪತ್ರೆಯಿಂದ ಬರುವಾಗ ಸ್ಟಿರಾಯ್ಡ್ ಕೊಟ್ಟಿದ್ದರೆ ಅದನ್ನು ಯಾವಾಗ, ಹೇಗೆ ನಿಲ್ಲಿಸಬೇಕೆಂದು ಚೀಟಿಯಲ್ಲಿ ಬರೆಸಿಕೊಳ್ಳಿ, ಏಕೆಂದರೆ ಹೆಚ್ಚು ದಿನ ತೆಗೆದುಕೊಂಡದ್ದನ್ನು ಥಟ್ಟನೆ ಬಿಡುವುದು ಅಪಾಯ.

ಮುಂದೂಡಿದ ತಪಾಸಣೆಗಳಿಗೆ ದಿನ ಗೊತ್ತುಮಾಡಿ. ಕ್ಯಾನ್ಸರ್ ತಪಾಸಣೆ, ಕಣ್ಣಿನ ಹಿಂಪರದೆಯ ಪರೀಕ್ಷೆ, ಹಲ್ಲಿನ ತಪಾಸಣೆ ಮೊದಲು ಬರಲಿ. ಯಾವುದೇ ಮದ್ದಿನಿಂದ ಮೈ ತುರಿಕೆ, ಕಣ್ಣು ಹಳದಿಯಾಗುವುದು, ಮೂತ್ರ ಗಾಢಬಣ್ಣಕ್ಕೆ ತಿರುಗುವುದು ಕಂಡಿದ್ದರೆ ಆ ಡಬ್ಬಿಯನ್ನು ಎಸೆಯದೆ ವೈದ್ಯರಿಗೆ ತೋರಿಸಿ, ಅಡ್ಡಪರಿಣಾಮ ದಾಖಲಿಸುವ ವ್ಯವಸ್ಥೆಗೆ ವರದಿ ಮಾಡಿಸಿ. ಮಿಕ್ಕ ಪ್ರತಿ ಪೂರಕ ಮಾತ್ರೆಯ ಮುಂದೆ ನಿಲ್ಲಿಸುವ ದಿನಾಂಕವೊಂದನ್ನು ಬರೆಯಿರಿ. ನನ್ನ ಮೂರು ಸತುವಿನ ಡಬ್ಬಿಗಳಲ್ಲಿ ಎರಡು ಹಾಳೆ ಬರೆದ ಸಂಜೆಯೇ ಹೊರಬಿದ್ದವು. ಮೂರನೆಯದರ ಮುಚ್ಚಳದ ಮೇಲೆ ಪೆನ್ನಿನಲ್ಲಿ ಬರೆದ ತಾರೀಖು ಬರುವಷ್ಟರಲ್ಲಿ ಮಾತ್ರೆಗಳು ಇನ್ನೂ ಅರ್ಧ ಉಳಿದಿದ್ದವು.